ಅಪ್ಪ ಬೈಯೋ ಮರ

ಕಾರಿನ ಡಿಕ್ಕಿಗೆ ಬಳ್ಳಾರಿ ಜಾಲಿಯ ನಾಲ್ಕು ತುಂಡು ತುಂಬ್ತಾ ಇದ್ದೆ. ಕಟ್ಟೆ ಮೇಲೆ ಕೂತಿದ್ದ ಅಪ್ಪ ಕೇಳಿದ್ರು, “ಯಾಕೋ, ಬೆಂಗಳೂರಲ್ಲಿ ಗ್ಯಾಸ್ ಸಿಗಲ್ವಾ?”

ನಮ್ಮದು ಚಳ್ಳಕೆರೆ ಸೀಮೆ. ಅಲ್ಲಿ ಜಾಲಿ ಅಂದ್ರೆ ಒಲೆಗೆ, ಬೇಲಿಗೆ, ಇದ್ದಿಲಿಗೆ. ಬಿಟ್ಟರೆ ಬೈಕ್ ಪಂಕ್ಚರ್ ಮಾಡೋಕೆ. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಬೋರ್ ಬತ್ತಿತು, ಎರಡು ಎಕರೆ ಬೀಳು ಬಿತ್ತು. ಕುರಿಗಳು ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಎದ್ದಿತು. ನನಗೆ ಕೆಲಸ ಸಿಗೋ ಹೊತ್ತಿಗೆ ಬದು ಎಲ್ಲಿತ್ತು ಅಂತಲೂ ಗೊತ್ತಾಗ್ತಿರಲಿಲ್ಲ. ಅಪ್ಪ ಆ ಕಡೆ ಹೋಗೋದನ್ನೇ ಬಿಟ್ಟರು.

ಮೂರು ವರ್ಷದ ಹಿಂದೆ ಬಾಲ್ಕನಿಗೆ ಪುಟ್ಟ ಲೇತ್ ತಂದೆ. (ಪಕ್ಕದ ಮನೆಯವರು ಇನ್ನೂ ಸರಿಯಾಗಿ ಮಾತಾಡ್ತಿಲ್ಲ.) ಕೈ ಪಳಗಿದ್ದು ಚನ್ನಪಟ್ಟಣದ ಗೊಂಬೆಗೆ ಬಳಸೋ ಆಲೆ ಮರದಲ್ಲಿ; ಉಳಿಗೆ ಅದು ಬೆಣ್ಣೆ. ಆಮೇಲೆ ಯೂಟ್ಯೂಬಲ್ಲಿ ಟೆಕ್ಸಾಸ್‌ನವರು ಮೆಸ್ಕೀಟ್ ಅನ್ನೋ ಮರದಲ್ಲಿ ಬಟ್ಟಲು ಮಾಡೋದು ನೋಡಿದೆ. ಅದೇ ಎಲೆ, ಅದೇ ಮುಳ್ಳು. ನಮ್ಮ ಜಾಲಿಯ ದಾಯಾದಿ!

ಜಾಲಿ ಎಲ್ಲೆಲ್ಲೂ ಇದೆ, ದಪ್ಪ ತುಂಡು ಮಾತ್ರ ಸಿಗಲ್ಲ. ಕಡಿದಷ್ಟೂ ಬುಡದಿಂದ ಕವಲೊಡೆದು ತೋಳಿನ ಗಾತ್ರಕ್ಕೇ ನಿಲ್ಲುತ್ತೆ. ಒಂದಡಿ ದಪ್ಪದ್ದು ಸಿಕ್ಕಿದ್ದು ಯಾರೂ ಕಾಲಿಡದ ನಮ್ಮ ಹೊಲದಲ್ಲೇ.

ಕೊಯ್ದ ದಿನವೇ ತುದಿಗಳಿಗೆ ಮೇಣ ಬಳಿದೆ, ಇಲ್ಲದಿದ್ರೆ ಬಿರುಕು ಬಿಡುತ್ತೆ. ನಡುವಿನ ತಿರುಳು ತೆಗೆದು ಸೀಳಿಸಿ, ಹಸಿಯಲ್ಲೇ ಒಂದಿಂಚು ದಪ್ಪ ಉಳಿಸಿ ತಿರುಗಿಸಿ, ಕಾಗದದ ಚೀಲದಲ್ಲಿ ನಾಲ್ಕು ತಿಂಗಳು ಇಟ್ಟೆ. ಒಣಗುವಾಗ ಎಷ್ಟೋ ಮರ ಸೊಟ್ಟಗಾಗುತ್ತೆ. ಇದು ಕುಗ್ಗೋದೇ ಕಡಿಮೆ, ಹೆಚ್ಚುಕಮ್ಮಿ ದುಂಡಗೇ ಉಳಿದಿತ್ತು. ಒಂದು ಬಟ್ಟಲು ಮಾತ್ರ ಹಾಳಾಯ್ತು: ತೊಗಟೆ ಕೆಳಗಿನ ಹಳದಿ ಭಾಗವನ್ನ ಹುಳ ಹಿಟ್ಟು ಮಾಡಿತ್ತು. ಕೆಚ್ಚಿಗೆ ಏನೂ ಆಗಿರಲಿಲ್ಲ. ನೀವೂ ಕೈ ಹಾಕೋದಾದ್ರೆ ಉಳಿಯನ್ನ ಆಗಾಗ ಮಸೆಯಿರಿ, ಮಾಸ್ಕ್ ಮರೀಬೇಡಿ. ಧೂಳು ಗಂಟಲು ಉರಿಸುತ್ತೆ. ಎಣ್ಣೆ ಸವರಿದಾಗ ಆ ಕೆಂಪು ಕಂದು ಬಣ್ಣ ಎದ್ದು ಬಂತು ನೋಡಿ, ರಾತ್ರಿ ಹನ್ನೊಂದಕ್ಕೆ ಒಬ್ಬನೇ ನಕ್ಕುಬಿಟ್ಟೆ.

ದೀಪಾವಳಿಗೆ ಅಪ್ಪನ ಕೈಗೆ ಕೊಟ್ಟೆ. ಬೆರಳಲ್ಲಿ ಕುಟ್ಟಿ ನೋಡಿದ್ರು.

“ಯಾವ ಮರ?”

“ನಮ್ಮ ಹೊಲದ ಜಾಲಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೋರ್ ಹತ್ರದ್ದಾ, ಬದುವಿಂದಾ?” ಅಂದ್ರು.

“ಬೋರ್ ಹತ್ರದ್ದು.”

“ಅಲ್ಲಿ ಶೇಂಗಾ ಚೆನ್ನಾಗಿ ಬರ್ತಿತ್ತು.” ಬಟ್ಟಲನ್ನ ಪಂಚೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. “ನಾಳೆ ಹೋಗ್ತೀಯಾ ಆ ಕಡೆ? ನಾನೂ ಬರ್ತೀನಿ.”