ಪರದೆಯ ಮೇಲಿನ ಪಾಠ

ಪೆನ್‌ಡ್ರೈವಿನಲ್ಲಿ ಬಂದ ಕಡತದ ಹೆಸರಿನ ಕೊನೆಗೆ ಡಿ, ಜೆ, ವಿ, ಯು ಎಂಬ ನಾಲ್ಕು ರೋಮನ್ ಅಕ್ಷರಗಳಿದ್ದವು. ಜೇವರ್ಗಿಯ ಝೆರಾಕ್ಸ್ ಅಂಗಡಿಯ ಹುಡುಗ ಅದನ್ನು ಎರಡು ಮೂರು ಬಗೆಯಲ್ಲಿ ತೆರೆಯಲು ನೋಡಿ, "ಮೇಡಮ್ರಿ, ಇದು ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ರಿ" ಎಂದು ಕೈಚೆಲ್ಲಿದ. ಆಕೆ ಅಫಜಲಪುರ ತಾಲೂಕಿನವರು. ಜೇವರ್ಗಿಯಲ್ಲಿ ಅತಿಥಿ ಉಪನ್ಯಾಸಕಿ. ತತ್ವಪದಗಳ ಮೇಲೆ ಪಿಎಚ್.ಡಿ. ಅಧ್ಯಯನ ನಡೆಸಿದ್ದ ಸಂಶೋಧನಾರ್ಥಿ. ಮಹಾಪ್ರಬಂಧ ಸಲ್ಲಿಸಲು ಉಳಿದಿದ್ದುದು ಒಂದೇ ವರ್ಷ. ಹುಡುಕುತ್ತಿದ್ದ ಹಳೆಯ ತತ್ವಪದ ಸಂಕಲನವೊಂದು ಸ್ಕ್ಯಾನ್ ಆಗಿ ಆ ಪೆನ್‌ಡ್ರೈವಿನಲ್ಲಿ ಕುಳಿತಿತ್ತು. ಗ್ರಂಥಾಲಯಗಳಲ್ಲಿ ಆಕೆಗೆ ಅದರ ಪ್ರತಿ ದೊರೆತಿರಲಿಲ್ಲ.

ಕಡಕೋಳ ಮಡಿವಾಳಪ್ಪನವರ ಪರಂಪರೆಯನ್ನು ಅಭ್ಯಸಿಸುವವರಿಗೆ ಈ ಭಾಗದ ನಕ್ಷೆಯೇ ಒಂದು ಆಕರ. ಮಡಿವಾಳಪ್ಪನವರು ಹುಟ್ಟಿದ ಬಿದನೂರು ಅಫಜಲಪುರ ತಾಲೂಕಿನಲ್ಲಿದೆ. ಅವರು ನೆಲೆನಿಂತ ಕಡಕೋಳ ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ಶಿಷ್ಯ ಚೆನ್ನೂರ ಜಲಾಲಸಾಹೇಬರ ಊರೂ ಜೇವರ್ಗಿಯ ಕಡೆಯದೇ. ಪದಗಳು ಮಾತ್ರ ಯಾವ ತಾಲೂಕಿನ ಗಡಿಗೂ ನಿಂತವಲ್ಲ. ಆಳಂದದ ಹಳ್ಳಿಗಳ ಭಜನೆ ಮೇಳಗಳಲ್ಲಿಯೂ ಅವು ಇವೆ. ಹಾಡಿಕೆಯಲ್ಲಿ ಹೀಗೆ ಸಮೃದ್ಧವಾಗಿರುವ ಸಾಹಿತ್ಯಕ್ಕೆ ಅಚ್ಚಿನ ಆಕರಗಳು ಮಾತ್ರ ವಿರಳ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹಳೆಯ ಮೈಸೂರು ಮತ್ತು ಕೊಡಗಿನವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗಕ್ಕೆ ಅಂಥ ಅಚ್ಚಿನ ಭಂಡಾರದ ಭಾಗ್ಯವಿರಲಿಲ್ಲ. ಗಣಕದ ಪುಸ್ತಕರಾಶಿಯಲ್ಲೂ ಈ ಅಸಮತೆ ಮುಂದುವರಿದಿದೆ. 1894ರ ಕಿಟ್ಟೆಲ್ ನಿಘಂಟು ಕ್ಷಣದಲ್ಲಿ ಸಿಗುತ್ತದೆ. ಸಣ್ಣ ಮುದ್ರಣಾಲಯದಲ್ಲಿ ಅಚ್ಚಾದ ತತ್ವಪದದ ಪುಸ್ತಿಕೆ ಸಿಕ್ಕರೆ ಅದು ಯಾರೋ ಪುಣ್ಯಾತ್ಮರ ಕೆಲಸ.

2000ರ ದಶಕದಲ್ಲಿ ಸಂಶೋಧನೆಗೆ ತೊಡಗಿದವರಿಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿರಬೇಕು. ಅಲ್ಲಿ ಕನ್ನಡ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ ನಾನಾ ವೇಷದಲ್ಲಿರುತ್ತಿದ್ದವು. ಪುಟಗಳು ಒಂದೊಂದಾಗಿ ಟಿಫ್ ಚಿತ್ರಗಳಾಗಿ ಇಳಿಯುತ್ತಿದ್ದವು. ಅವನ್ನು ನೋಡಲು ಬೇರೆಯೇ ತಂತ್ರಾಂಶ ಬೇಕಾಗುತ್ತಿತ್ತು. ಆ ತಾಣ ನಿಂತ ಮೇಲೆ ಅಲ್ಲಿನ ಪುಸ್ತಕಗಳಲ್ಲಿ ಬಹುಪಾಲು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುವಂತಾಯಿತು.

ಡೇಜಾವೂ ಎಂದು ಉಚ್ಚರಿಸುವ ಈ ಕಡತರೂಪವನ್ನು 1990ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಯಾನ್ ಲೆಕುನ್, ಲಿಯೋನ್ ಬೊಟ್ಟು, ಪ್ಯಾಟ್ರಿಕ್ ಹಾಫ್ನರ್ ಮೊದಲಾದವರು ರೂಪಿಸಿದರು. (ಮುಂದೆ 2018ರ ಟ್ಯೂರಿಂಗ್ ಪ್ರಶಸ್ತಿಯಲ್ಲಿ ಪಾಲು ಪಡೆದ ಲೆಕುನ್ ಇವರೇ.) ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಅಡಕಗೊಳಿಸದ ಚಿತ್ರ ಸುಮಾರು 25 ಮೆಗಾಬೈಟ್ ಆಗುತ್ತದೆ. ಡೇಜಾವೂ ಅದನ್ನು ಕೆಲವು ಹತ್ತು ಕಿಲೋಬೈಟುಗಳಿಗೆ ಇಳಿಸಬಲ್ಲದು. ಇದಕ್ಕಾಗಿ ಅದು ಪುಟವನ್ನು ಪದರಗಳಾಗಿ ಬಿಡಿಸುತ್ತದೆ: ಕಾಗದದ ಬಣ್ಣ, ಕಲೆ, ಮಚ್ಚೆಗಳು ಹಿನ್ನೆಲೆಗೆ, ಅಕ್ಷರಗಳು ಮುನ್ನೆಲೆಗೆ. ಹಿನ್ನೆಲೆಯನ್ನು ಒರಟಾಗಿಯೂ ಅಕ್ಷರಗಳನ್ನು ನಯವಾಗಿಯೂ ಇಟ್ಟುಕೊಳ್ಳುತ್ತದೆ.

ಅಂಗಡಿಯ ಹುಡುಗ ಮರುದಿನ ವಿನ್‌ಡೇಜಾವ್ಯೂ ಎಂಬ ಉಚಿತ ತಂತ್ರಾಂಶವನ್ನು ಹುಡುಕಿ ಆಕೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಪುಸ್ತಕ ತೆರೆಯಿತು. ಹಿನ್ನೆಲೆಯನ್ನು ತೆಗೆದು ಬರಿಯ ಕಪ್ಪು ಬಿಳುಪಿನಲ್ಲಿ ನೋಡುವ ಅನುಕೂಲ ಅದರಲ್ಲಿತ್ತು. ಎಣ್ಣೆ ಕಲೆಯ ಅಡಿಯಲ್ಲಿ ಮಂಕಾಗಿದ್ದ ಸಾಲುಗಳು ಎದ್ದು ಬಂದವು. ಗೆರೆ ಹಾಕಬಹುದು, ಟಿಪ್ಪಣಿ ಅಂಟಿಸಬಹುದು. ಆ ಟಿಪ್ಪಣಿಗಳು ಕಡತದೊಳಗೆ ಸೇರದೆ ಗಣಕದಲ್ಲಿಯೇ ಬೇರೆಯಾಗಿ ಉಳಿಯುತ್ತವೆ ಎಂಬುದು, ಲ್ಯಾಪ್‌ಟಾಪ್ ಕೆಟ್ಟು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿದ ದಿನವಷ್ಟೇ ತಿಳಿಯಿತು. ಎರಡು ತಿಂಗಳ ಟಿಪ್ಪಣಿ ಹೋಯಿತು. ಅಲ್ಲಿಂದಾಚೆ ಆಕೆ ಮತ್ತೆ ನೋಟ್‌ಬುಕ್ಕಿಗೆ ಮರಳಿದರು.

ತೊಂದರೆ ಎದುರಾದುದು ಮೂರನೆಯ ಅಧ್ಯಾಯದಲ್ಲಿ. ಒಂದು ಪದದಲ್ಲಿ 'ದನ' ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಕಟ್ಟಿಹಾಕಿದ ದನ, ಮೇಯಲು ಬಿಟ್ಟ ದನ ಎಂದು ಹಿಡಿದು, ಪಶುಪಾಲನೆಯ ಬದುಕು ಅನುಭಾವದ ರೂಪಕವಾಗುವ ಬಗೆಯನ್ನು ಕುರಿತು ಆಕೆ ಹನ್ನೆರಡು ಪುಟ ಬರೆದಿದ್ದರು. ಮಾರ್ಗದರ್ಶಕರಿಗೂ ಆ ಭಾಗ ಮೆಚ್ಚುಗೆಯಾಗಿತ್ತು. ಕರಡು ತಿದ್ದುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಕೆಲವು ಪುಟಗಳಲ್ಲಿ ಧಕಾರವೇ ಇರಲಿಲ್ಲ. 'ಧ್ಯಾನ'ವೂ ದಕಾರದಲ್ಲಿ, 'ಧರ್ಮ'ವೂ ದಕಾರದಲ್ಲಿ. ಈ ಭಾಗದ ಆಡುನುಡಿಯಲ್ಲಿ ಮಹಾಪ್ರಾಣ ಸಡಿಲವಾಗುವುದು ಎಲ್ಲರಿಗೂ ತಿಳಿದದ್ದೇ. ಮುದ್ರಕ ಉಚ್ಚಾರಣೆಯನ್ನು ಅನುಸರಿಸಿರಬಹುದೆಂದು ಆಕೆ ಮೊದಲು ಭಾವಿಸಿದರು. ಆದರೆ ಬೇರೆ ಪುಟಗಳಲ್ಲಿ ಹೊಟ್ಟೆ ಸೀಳಿದ ಧಕಾರ ಸ್ಪಷ್ಟವಾಗಿಯೇ ಇತ್ತಲ್ಲ!

ಪುಟವನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿದಾಗ ಮೂರನೆಯ ಸಾಲಿನ ದಕಾರದ ತಲೆಕಟ್ಟಿನಲ್ಲಿ ಸಣ್ಣದೊಂದು ಮುಕ್ಕು ಕಂಡಿತು. ಒಂಬತ್ತನೆಯ ಸಾಲಿನ ದಕಾರದಲ್ಲಿಯೂ ಅದೇ ಮುಕ್ಕು, ಅದೇ ಜಾಗದಲ್ಲಿ. ಹದಿನಾಲ್ಕನೆಯ ಸಾಲಿನಲ್ಲಿಯೂ ಅದೇ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕವದು. ಮುಕ್ಕಾದ ಒಂದು ಮೊಳೆ ಒಂದೇ ಪುಟದ ಮೂರು ಕಡೆ ಏಕಕಾಲಕ್ಕೆ ನಿಲ್ಲಲಾರದು. ಅಂದರೆ ಆ ಮೂರೂ ಅಕ್ಷರಗಳು ಕಾಗದದಿಂದ ಬಂದವಲ್ಲ. ಕಾಗದದ ಒಂದು ಅಕ್ಷರವನ್ನು ಯಂತ್ರ ಮೂರು ಕಡೆ ಇಟ್ಟಿತ್ತು.

ಡೇಜಾವೂ ಮುನ್ನೆಲೆಯ ಅಕ್ಷರಗಳನ್ನು ಅಡಕಗೊಳಿಸುವ ರೀತಿಯಲ್ಲಿ ಇದಕ್ಕೆ ಅವಕಾಶವಿದೆ. ಪುಟದಲ್ಲಿ ಮತ್ತೆ ಮತ್ತೆ ಬರುವ ಆಕೃತಿಯನ್ನು ಅದು ಒಮ್ಮೆ ಕೂಡಿಟ್ಟುಕೊಂಡು, ಉಳಿದ ಕಡೆ 'ಇಲ್ಲಿಯೂ ಅದೇ' ಎಂದು ಗುರುತು ಹಾಕುತ್ತದೆ. ಗಾತ್ರ ಇನ್ನಷ್ಟು ಇಳಿಯಲೆಂದು ಬಿಗಿಯಾಗಿ ಅಡಕಗೊಳಿಸಿದರೆ, ತೀರಾ ಹತ್ತಿರದ ಎರಡು ಆಕೃತಿಗಳನ್ನು ಒಂದೇ ಎಂದು ಬಗೆಯುವ ಸಂಭವವುಂಟು. ಇದೇ ಜಾತಿಯ ಇನ್ನೊಂದು ವಿಧಾನವನ್ನು ಬಳಸುತ್ತಿದ್ದ ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನು ಅದಲುಬದಲು ಮಾಡುತ್ತಿದ್ದುದನ್ನು 2013ರಲ್ಲಿ ಜರ್ಮನಿಯ ಡೇವಿಡ್ ಕ್ರಿಸೆಲ್ ಬಯಲಿಗೆ ತಂದರು; ಕಟ್ಟಡದ ನಕ್ಷೆಯೊಂದರಲ್ಲಿ ಬೇರೆ ಬೇರೆ ಕೋಣೆಗಳ ಅಳತೆ ಒಂದೇ ಆಗಿಬಿಟ್ಟಿತ್ತು. ರೋಮನ್ ಲಿಪಿಯವರಿಗೆ 6 ಮತ್ತು 8ರ ಭಯವಾದರೆ, ಕನ್ನಡಕ್ಕೆ ದ-ಧ, ಡ-ಢ, ಪ-ಫಗಳ ಭಯ. ಸಣ್ಣದೊಂದು ಸೀಳು ಅರ್ಥವನ್ನು ಹೊತ್ತುಕೊಂಡಿರುವ ಲಿಪಿ ಇದು.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆಲ್ಲ ಲಿಪಿಕಾರದೋಷ ಪರಿಚಿತ ವಿಷಯ. ಪ್ರತಿಕಾರನ ಕಣ್ಣು ಜಾರುತ್ತದೆ, ಸಾಲು ಬಿಡುತ್ತದೆ, ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ಬರೆದುಬಿಡುತ್ತದೆ. ಯಂತ್ರಕ್ಕೆ ಶಬ್ದವೇ ತಿಳಿಯದು; ಅದರ ತಪ್ಪಿನ ಹಿಂದೆ ಅರ್ಥದ ಆಮಿಷವಿಲ್ಲ. ಆದ್ದರಿಂದಲೇ ಸಂಪಾದಕ ರೂಢಿಸಿಕೊಂಡ ಊಹೆಗಳು ಇಲ್ಲಿ ನೆರವಿಗೆ ಬಾರವು. ಇನ್ನೂ ಒಂದು ವ್ಯತ್ಯಾಸವುಂಟು. ಓಲೆಯ ಲಿಪಿಕಾರ ಎಷ್ಟೋ ವೇಳೆ ಕೊನೆಯಲ್ಲಿ ತನ್ನ ಹೆಸರು, ಸಂವತ್ಸರ, ತಿಥಿಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುತ್ತಾನೆ. ಈ ಕಡತವನ್ನು ಸ್ಕ್ಯಾನ್ ಮಾಡಿದವರಾರು, ಅಡಕಗೊಳಿಸಿದವರಾರು, ಎಷ್ಟು ಬಿಗಿಯಾಗಿ ಎಂಬುದಕ್ಕೆ ಅದರಲ್ಲಿ ಒಂದು ಸಾಲಿನ ಸಾಕ್ಷ್ಯವೂ ಇರಲಿಲ್ಲ.

ಹಾಗಾದರೆ ಅದು ದನವೊ ಧನವೊ? ಮೂಲಪ್ರತಿ ಆಳಂದ ತಾಲೂಕಿನ ಹಳ್ಳಿಯೊಂದರ ಭಜನೆ ಮೇಳದ ಹಿರಿಯರಲ್ಲಿದೆ ಎಂದು ವಿದ್ಯಾರ್ಥಿಯೊಬ್ಬ ತಿಳಿಸಿದ. ಜೇವರ್ಗಿಯಿಂದ ಕಟ್ಟಿಸಂಗಾವಿಯ ಸೇತುವೆ ದಾಟಿ ಕಲಬುರಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆಳಂದ, ಮುಂದೆ ಟಂಟಂ. ಆಕೆಯ ಒಂದು ದಿನದ ಪಾಠದ ಸಂಬಳ ಹೋಯಿತು. ಅಜ್ಜ ಪುಸ್ತಕವನ್ನು ಟ್ರಂಕಿನಿಂದ ತೆಗೆಯುವ ಮೊದಲೇ ಪದವನ್ನು ಹಾಡಿ ತೋರಿಸಿದರು. ಅವರ ಬಾಯಲ್ಲಿ ಎಲ್ಲವೂ ದನವೇ. "ಅಜ್ಜಾರ, ಇದು ಆಕಳಾ ಎಮ್ಮಿ ದನಾನೋ, ರೊಕ್ಕಾ ಬಂಗಾರದ ಧನಾನೋ?" ಎಂದು ಕೇಳಿದರೆ, "ಯವ್ವಾ, ಎರಡೂ ಮನ್ಯಾಗ ಕಟ್ಟಿ ಇಟ್ಟದ್ದೇ ಅಲ್ಲೇನು" ಎಂದು ನಕ್ಕರು. ವಿನೋದದ ಮಾತಾದರೂ ಪಾಠಾಂತರದ ಚರ್ಚೆಯಲ್ಲಿ ಹಗುರವಾಗಿ ತೆಗೆದುಕೊಳ್ಳುವಂಥದಲ್ಲ.

ಪುಸ್ತಕದಲ್ಲಿ ಆ ಪದದೊಳಗೆ ಆ ಮಾತು ಐದು ಕಡೆ ಇತ್ತು. ಮೂರರಲ್ಲಿ ಸೀಳು ನಿಚ್ಚಳ. ಹನ್ನೆರಡು ಪುಟಗಳು ಆತುಕೊಂಡಿದ್ದ ಸಾಲು ಆ ಮೂರರಲ್ಲಿ ಒಂದಾಗಿತ್ತು. ಆಕೆ ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು. ಮಾರ್ಗದರ್ಶಕರಿಗೆ ತಿಳಿಸದೆ ಬಿಟ್ಟಿದ್ದರೆ ಪರೀಕ್ಷಕರ ಗಮನಕ್ಕೆ ಬರುವ ಸಂಭವ ಕಡಿಮೆಯೇ ಇತ್ತು. ಪುಸ್ತಕ ಅವರಿಗೂ ಪರದೆಯ ಮೇಲೆಯೇ ಸಿಗುತ್ತಿತ್ತಲ್ಲವೆ? ಆಕೆ ಅಂದು ಸಂಜೆಯೇ ಫೋನು ಮಾಡಿ ಹೇಳಿದರು. ಹನ್ನೆರಡು ಪುಟಗಳು ನಾಲ್ಕಾದವು; ಉಳಿದೆರಡು ಕಡೆಯ ದನಕ್ಕೆ ಅಷ್ಟು ಸಾಕಾಯಿತು. ಯಾವ ಪಾಠ ಕಾಗದದಿಂದ, ಯಾವುದು ಪರದೆಯಿಂದ ಎಂಬುದು ಅಡಿಟಿಪ್ಪಣಿಗಳಲ್ಲಿ ಬೇರೆ ಬೇರೆಯಾಗಿ ದಾಖಲಾಯಿತು.

ಅಜ್ಜನ ಪ್ರತಿಯಲ್ಲಿ ಕೊನೆಯ ಹದಿನಾರು ಪುಟಗಳು, ಅಂದರೆ ಒಂದು ಇಡೀ ಫಾರಂ, ಇರಲಿಲ್ಲ. ಹೊಲಿಗೆ ಬಿಚ್ಚಿ ಎಂದೋ ಉದುರಿಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಆ ಪುಟಗಳನ್ನು ಕಂಡಾಗ ಅವರು ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಾಗುವಷ್ಟು ಬಾಗಿದರು. ಮರುವಾರ ಆಕೆ ಆ ಹದಿನಾರು ಪುಟಗಳನ್ನು ಅಚ್ಚು ತೆಗೆಸಿ ಕಳುಹಿಸಿಕೊಟ್ಟರು. ಕಳುಹಿಸುವ ಮುನ್ನ ಅನುಮಾನಕ್ಕೆ ಎಡೆಯಿದ್ದ ಪ್ರತಿ ದಕಾರದ ಸುತ್ತಲೂ ಪೆನ್ಸಿಲಿನಿಂದ ಸಣ್ಣ ಸೊನ್ನೆ ಹಾಕಿದ್ದರು. ಒಂದು ಪುಟದಲ್ಲಿಯೇ ಹನ್ನೊಂದು ಸೊನ್ನೆಗಳಿದ್ದವು.