ನಾನು ಬರೆದ ರಾಜೀನಾಮೆ

ನನಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರುತ್ತದೆ ಎಂಬ ಹೆಮ್ಮೆ ಇತ್ತು. ಹತ್ತನೆಯವರೆಗೆ ಕಾರ್ಕಳದ ಹತ್ತಿರದ ಕನ್ನಡ ಶಾಲೆಯಲ್ಲಿ ಕಲಿತು, ಕಾಲೇಜಿಗೆಂದು ಖಾರಘರದ ಅಕ್ಕನ ಮನೆಗೆ ಬಂದವನಿಗೆ ಈ ಹೆಮ್ಮೆ ಎಷ್ಟು ದೊಡ್ಡದೆಂದು ನಮ್ಮ ಬಳಗದ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಾಸಿನಲ್ಲಿ ವರ್ಷವಿಡೀ ಬಾಯಿ ಬಿಡದೆ ಕೂತವನು ನಾನು. ಆದರೆ ಬಿಸಿನೆಸ್ ಕಮ್ಯುನಿಕೇಶನ್ ಪೇಪರಿನ ಪತ್ರಗಳು ಮಾತ್ರ ಹೇಗೋ ಒಲಿದುಬಿಟ್ಟವು. ಅವಕ್ಕೊಂದು ಅಚ್ಚು ಇದೆಯಲ್ಲ, ವಿಳಾಸ, ತಾರೀಕು, ವಿಷಯ, ಎರಡು ಪ್ಯಾರಾ, ವಂದನೆ. ನೌಕರಿಯ ಅರ್ಜಿ, ಒಪ್ಪಿಗೆ ಪತ್ರ, ರಾಜೀನಾಮೆ ಪತ್ರ ಎಲ್ಲವೂ ಬಾಯಿಪಾಠ.

ಹಾಗಾಗಿ 2024ರ ಜೂನ್ 14ರ ರಾತ್ರಿ ಅಕ್ಕ ನನ್ನ ಪಕ್ಕ ಕುಳಿತು, "ಒಂದು ರಿಸೈನ್ ಲೆಟರ್ ಬರೆದು ಕೊಡ್ತೀಯಾ ಮಾರಾಯ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ" ಎಂದಾಗ ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ. ಕೇಳಿದ್ದು "ಯಾವ ತಾರೀಕು ಹಾಕಬೇಕು?" ಎಂದು ಮಾತ್ರ. ಹತ್ತೇ ನಿಮಿಷದಲ್ಲಿ ಪತ್ರ ಸಿದ್ಧವಾಯಿತು. ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ನೌಕರಿ ಬಿಡುತ್ತಿರುವುದಾಗಿಯೂ, ಇಷ್ಟು ದಿನ ಅವಕಾಶ ಕೊಟ್ಟ ಆಡಳಿತ ವರ್ಗಕ್ಕೆ ಋಣಿಯಾಗಿರುವುದಾಗಿಯೂ ಬರೆದೆ. ಋಣದ ಸಾಲು ಅಕ್ಕ ಹೇಳಿದ್ದಲ್ಲ. ಪುಸ್ತಕದ ಮಾದರಿಯಲ್ಲಿತ್ತು, ಚೆನ್ನಾಗಿ ಕಾಣುತ್ತದೆಂದು ನಾನೇ ಸೇರಿಸಿದೆ.

ಅಕ್ಕನಿಗೆ ಆಗ ಆರು ತಿಂಗಳು. ವಾಶಿಯ ಒಂದು ಸಾಗಾಟದ ಆಫೀಸಿನಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುತ್ತಿದ್ದಳು, ತಿಂಗಳಿಗೆ 24 ಸಾವಿರ. ಹೋಟೆಲಿನಲ್ಲಿ ಕ್ಯಾಶಿಯರ್ ಆಗಿರುವ ಭಾವನ ಸಂಬಳವೂ ಅದೂ ಸೇರಿದರೇ ಬಾಡಿಗೆ, ನನ್ನ ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲ ಸರಿದೂಗುವುದು. ಆವತ್ತು ಮಧ್ಯಾಹ್ನ ಅವಳನ್ನು ಒಳಗೆ ಕರೆದು, "ನಿಮ್ಮ ಆರೋಗ್ಯದ ದೃಷ್ಟಿಯಿಂದಲೇ ಹೇಳುವುದು, ನೀವಾಗಿ ಬರೆದುಕೊಟ್ಟರೆ ಅನುಭವದ ಸರ್ಟಿಫಿಕೇಟು ಕೊಡುತ್ತೇವೆ, ಇಲ್ಲದಿದ್ದರೆ ಅದೂ ಇಲ್ಲ" ಎಂದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಭಾವನಿಗೂ ಊರಿನಿಂದ ಬಂದಿದ್ದ ಅತ್ತೆಗೂ ಅವಳು ಹೇಳಿರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಡಬ್ಬಿ ಕಟ್ಟಿಕೊಂಡು ಹೊರಟಳು. ಮಂಗಳವಾರವೂ. ನಾನು ಬೆಪ್ಪನಂತೆ, ನೋಟೀಸ್ ಪೀರಿಯಡ್ ಇರಬೇಕು ಎಂದುಕೊಂಡೆ. ಗುರುವಾರ ಕಾಲೇಜಿನಿಂದ ಬೇಗ ಬಿಟ್ಟು ವಾಶಿಗೆ ಹೋಗಿದ್ದೆ. ಸ್ಟೇಶನ್ನಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಾಳೆ. ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಉಪ್ಪಿನಕಾಯಿ ಅನ್ನ ತಿನ್ನುತ್ತಿದ್ದಾಳೆ. ಹೊರಗೆ ಜೂನ್ ತಿಂಗಳ ಮಳೆ.

"ಎಂತ ಅಕ್ಕ ಇಲ್ಲಿ?"

"ಪಾಸು ಇಪ್ಪತ್ತೈದರ ತನಕ ಉಂಟಲ್ಲ" ಎಂದಳು.

ಅದು ಉತ್ತರವೇ ಅಲ್ಲ. ನಾನು ಸುಮ್ಮನೆ ಪಕ್ಕದಲ್ಲಿ ಕೂತೆ. ನಾಲ್ಕೈದು ಗಾಡಿ ಹೋದ ಮೇಲೆ ನಿಜ ಹೊರಬಂತು. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬದ ಹೆಂಗಸರು ಅವಳಿಗೆ ಗಾಡಿಯಲ್ಲೇ ಡೋಹಾಳೆ ಜೇವಣ ಮಾಡಬೇಕೆಂದು ದಿನ ಗೊತ್ತುಮಾಡಿದ್ದರು, ನಮ್ಮ ಕಡೆಯ ಬಯಕೆ ಊಟದ ಹಾಗೆ. ಒಬ್ಬರು ಹಸಿರು ಬಳೆ, ಒಬ್ಬರು ಹೂವು, ಪನ್ವೇಲಿನಿಂದ ಬರುವ ಆಂಟಿಯೊಬ್ಬರು ಪುರಣ್‌ಪೋಳಿ ಎಂದು ಹಂಚಿಕೊಂಡೂ ಆಗಿತ್ತು. "ಕೆಲಸ ಹೋಯ್ತು ಅಂತ ಹ್ಯಾಗೆ ಹೇಳುದು? ಆಮೇಲೆ ಎಲ್ಲರೂ ಪಾಪ ಅನ್ನುತ್ತಾರೆ. ಬಳೆ ಹಾಕಿಸಿಕೊಳ್ಳುವಾಗ ಪಾಪ ಅನ್ನಿಸಿಕೊಳ್ಳಲಿಕ್ಕೆ ಆಗುವುದಿಲ್ಲ."

ಮರುದಿನ, ಖಾರಘರಕ್ಕೂ ವಾಶಿಗೂ ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ, ಅವಳಿಗೆ ಬಳೆ ಹಾಕಿ ಆರತಿಯ ಹಾಡು ಹೇಳಿದರಂತೆ. ಅವಳು ವಾಶಿಯಲ್ಲಿ ಎಲ್ಲರಿಗೂ ಟಾಟಾ ಮಾಡಿ ಇಳಿದಳು, ಆಫೀಸಿಗೆ ಹೋಗುವವಳ ಹಾಗೆಯೇ. ಆವತ್ತು ರಾತ್ರಿ ಭಾವನಿಗೆ ಹೇಳಿದಳು. ಭಾವ ಬೈಯಲಿಲ್ಲ. ಲೈಟು ಆರಿಸಿದ ಮೇಲೂ ಅಡುಗೆಮನೆಯಲ್ಲಿ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದರು, ಅಷ್ಟೆ.

ಆಗಸ್ಟ್ ಮೂರನೆಯ ವಾರ ಬಿಸಿನೆಸ್ ಲಾ ಪೀರಿಯಡ್ಡು. 1872ರ ಕರಾರು ಕಾಯಿದೆಯ 14ನೆಯ ಕಲಮು, ಮುಕ್ತ ಸಮ್ಮತಿ. ಬಲಾತ್ಕಾರ, ಅನುಚಿತ ಪ್ರಭಾವ, ಮೋಸ ಇವುಗಳಿಂದ ಪಡೆದ ಒಪ್ಪಿಗೆ ಮುಕ್ತವಲ್ಲ ಎಂದು ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನನಗೆ ನನ್ನ ಪತ್ರ ನೆನಪಾಯಿತು. ಸ್ವಇಚ್ಛೆಯಿಂದ! ಪೀರಿಯಡ್ ಮುಗಿದ ಮೇಲೆ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಮೇಡಂ ಬಳಿ ಹೋಗಿ ಬಾಯಿ ಬಿಟ್ಟೆ. ನನ್ನ ಹರಕು ಇಂಗ್ಲಿಷನ್ನು ಅವರು ಕೊನೆಯವರೆಗೂ ಕೇಳಿದರು.

ಅವರು ಹೇಳಿದ್ದಿಷ್ಟು. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯಿದೆಯ ಪ್ರಕಾರ, ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಸಂಬಳ ಸಹಿತ ರಜೆ ಸಿಗಬೇಕು. 2017ರ ತಿದ್ದುಪಡಿಯ ನಂತರ, ಮೊದಲ ಎರಡು ಮಕ್ಕಳಿಗೆ ಅದು 26 ವಾರ. ಬಸುರಿಯನ್ನು ಕೆಲಸದಿಂದ ತೆಗೆದರೂ ಆ ದುಡ್ಡು ತಪ್ಪುವುದಿಲ್ಲ. ತೆಗೆದದ್ದರ ಮೇಲೆ ಅಪೀಲು ಮಾಡಲು 60 ದಿನ. (ಈಗ 2025ರ ನವೆಂಬರಿನಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರವೂ 60 ದಿನವೂ ಅದರಲ್ಲಿಯೂ ಇವೆ.) ನಾನು ಬೆರಳು ಮಡಚಿ ಎಣಿಸಿದೆ. ಅರವತ್ತೇಳು ದಿನ ಆಗಿಹೋಗಿತ್ತು. ದುಡ್ಡಿನ ಲೆಕ್ಕವನ್ನೂ ಹಾಕಿದೆ, ಕಾಮರ್ಸಿನವನಲ್ಲವೆ: ಹತ್ತಿರ ಹತ್ತಿರ ಒಂದು ಲಕ್ಷದ ನಲವತ್ತು ಸಾವಿರ.

"ಅವರೇ ತೆಗೆದಿದ್ದರೆ ಮಾತು ಬೇರೆ. ನಿಮ್ಮ ಅಕ್ಕ ತಾನಾಗಿ ಬಿಟ್ಟಂತೆ ಕಾಗದ ಇದೆಯಲ್ಲ, ಅದೇ ತೊಡಕು" ಎಂದರು ಮೇಡಂ. ಆದರೂ ದುಡ್ಡು ಕೇಳಿ ಮೊದಲು ಆಫೀಸಿಗೆ ಬರೆಯಿರಿ, ಆಗದಿದ್ದರೆ ಇನ್‌ಸ್ಪೆಕ್ಟರರಿಗೆ ದೂರು ಕೊಡಿ ಎಂದೂ ಹೇಳಿದರು.

ಆಮೇಲೆ ಲೈಬ್ರರಿಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಬಾಣಂತಿಗೆ ಕೂಲಿ ಕೊಡಬೇಕೆಂಬ ಕಾನೂನು ದೇಶದಲ್ಲಿ ಮೊದಲು ಬಂದದ್ದು ಈ ಮುಂಬಯಿ ಪ್ರಾಂತದಲ್ಲೇ, 1929ರಲ್ಲಿ, ಕಾರ್ಖಾನೆಯ ಹೆಂಗಸರಿಗಾಗಿ. 1928ರಲ್ಲಿ ಅದರ ಮಸೂದೆಯನ್ನು ಬೆಂಬಲಿಸಿ ಡಾ. ಅಂಬೇಡ್ಕರ್ ಇಲ್ಲಿನ ವಿಧಾನ ಪರಿಷತ್ತಿನಲ್ಲಿ ಮಾತಾಡಿದ್ದರು. ಧಾರವಾಡ, ವಿಜಾಪುರ, ಕಾರವಾರಗಳೂ ಆಗ ಇದೇ ಪ್ರಾಂತದಲ್ಲಿದ್ದವು. ಹಾಗಿದ್ದೂ ಏರ್ ಇಂಡಿಯಾದ ಗಗನಸಖಿಯರಿಗೆ, ಮೊದಲ ಸಲ ಬಸುರಾದರೆ ನೌಕರಿ ಮುಗಿಯಿತು ಎಂಬ ನಿಯಮ ಬಹಳ ಕಾಲ ಇತ್ತು. ನರ್ಗೀಸ್ ಮಿರ್ಜಾ ಮತ್ತು ಜೊತೆಯವರು ಕೋರ್ಟು ಹತ್ತಿದರು. 1981ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ರದ್ದು ಮಾಡಿತು. ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಉಂಟೆಂದು ದಿಲ್ಲಿ ಕಾರ್ಪೊರೇಶನ್ನಿನ ಕೇಸಿನಲ್ಲಿ ಅದೇ ಕೋರ್ಟು 2000ದಲ್ಲಿ ಹೇಳಿತು.

ಅಲ್ಲೇ ನನಗೊಂದು ವಿಚಾರ ಹೊಳೆಯಿತು. ಗಗನಸಖಿಯರ ಕಾಲದಲ್ಲಿ ಆ ನಿಯಮ ಕಾಗದದ ಮೇಲೆ ಇತ್ತು, ಹಾಗಾಗಿ ಅದನ್ನು ಹಿಡಿದು ಎಳೆಯಲು ಆಯಿತು. ಈಗ ಅಂಥ ನಿಯಮ ಯಾರೂ ಬರೆದಿಡುವುದಿಲ್ಲ. ನಮ್ಮ ಕೈಯಿಂದಲೇ ಬರೆಸುತ್ತಾರೆ. ನನ್ನಂಥ ತಮ್ಮಂದಿರು ಪುಕ್ಕಟೆಯಾಗಿ ಬರೆದೂ ಕೊಡುತ್ತಾರೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿ, ತಪ್ಪಾಯಿತು ಎಂದೆ. "ನಾನು ಕೇಳಿದ್ದಕ್ಕೆ ನೀನು ಬರೆದದ್ದು" ಎಂದಷ್ಟೇ ಹೇಳಿ ಕಾಲು ನೀಡಿ ಕೂತಳು. ಪಾದ ಊದಿಕೊಂಡಿತ್ತು. ಎರಡನೆಯ ಪತ್ರ ಬರೆದೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಉತ್ತರ ಬಂದಾಗ ಅಕ್ಕ ಆಸ್ಪತ್ರೆಯಿಂದ ಬಂದು ಮೂರು ದಿನ, ಹೆಣ್ಣುಮಗು. ಉತ್ತರ ಒಂದೇ ಸಾಲು: ತಾವು ಸ್ವಇಚ್ಛೆಯಿಂದ ರಾಜೀನಾಮೆ ನೀಡಿರುತ್ತೀರಿ, ಪ್ರತಿ ಲಗತ್ತಿಸಿದೆ. ಲಗತ್ತಿಸಿದ್ದು ನನ್ನದೇ ಪತ್ರದ ಜೆರಾಕ್ಸು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡೇ ಅಕ್ಕ ಅದನ್ನು ಪೂರ್ತಿ ಓದಿದಳು. "ಚಂದ ಬರೆದಿದ್ದಿ ಮಾರಾಯ, ಒಂದೂ ತಪ್ಪಿಲ್ಲ" ಎಂದಳು. ಅವಳು ಕುಹಕ ಆಡುವವಳಲ್ಲ. ಅದಕ್ಕೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಕರೆದಳು. ಮಗು ಮಲಗಿತ್ತು. "ಇನ್‌ಸ್ಪೆಕ್ಟರಿಗೆ ಬರೆಯುವ. ಈ ಸಲ ನಾನು ಹೇಳ್ತೇನೆ, ನೀನು ಕನ್ನಡದಲ್ಲೇ ಬರಕೊ, ಆಮೇಲೆ ಬೇಕಾದರೆ ಇಂಗ್ಲಿಷ್ ಮಾಡು. ನೀನಾಗಿ ಎಂತದೂ ಸೇರಿಸಬೇಡ." ನಾನು ಪೆನ್ನು ತೆಗೆದೆ. "ಜೂನ್ 14ರಂದು ಊಟದ ಹೊತ್ತಿನಲ್ಲಿ ನನ್ನನ್ನು ಒಳಗೆ ಕರೆದರು" ಎಂದು ಶುರು ಮಾಡಿದಳು. ನಾಲ್ಕು ಪುಟ ಆಯಿತು.

ಆ ದೂರು ಹೋಗಿದೆ. ಇದುವರೆಗೆ ಎರಡು ಸಲ ಕರೆದಿದ್ದಾರೆ. ಎರಡೂ ಸಲ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅಕ್ಕ, ನಾನು ಹೋಗಿ ಬಂದಿದ್ದೇವೆ. ಮುಂದಿನ ತಾರೀಕು ಇನ್ನೂ ಬಂದಿಲ್ಲ.