ತಣ್ಣಗಿದ್ದ ರೇಡಿಯೇಟರು

ಮಂಗಳವೇಢೆಯ ಶಾಲೆಯಲ್ಲಿ ಲೋಟವನ್ನು ನೀರಿನಲ್ಲಿ ಬೋರಲಾಗಿ ಅದ್ದಿ, ‘ಗಾಳಿ ಹೊರಡದೆ ನೀರು ಒಳಹೋಗದು’ ಎಂದು ಬಹುಕಾಲ ಕಲಿಸಿದವನು ನಾನು. ಕಳೆದ ಮಾಘಮಾಸದಲ್ಲಿ ಚಿಕಾಗೋದ ಮಗಳ ಮನೆಯಲ್ಲಿದ್ದೆ. ಹೊರಗೆಲ್ಲ ಹಿಮ. ನೆಲಮಾಳಿಗೆಯ ಬಾಯ್ಲರಿನಿಂದ ಉಗಿಯೇರಿ ಕೋಣೆ ಕೋಣೆಯ ರೇಡಿಯೇಟರುಗಳು ಕಾದಿದ್ದವು. ಹಸುಗೂಸು ಮೊಮ್ಮಗಳ ಕೋಣೆಯದು ಮಾತ್ರ ತಣ್ಣಗಿತ್ತು. ಬೆಂಕಿ ಸಾಲದೆಂದು ನಾನು ವಾದಿಸಿದೆ.

“ಉಳಿದವು ಕಾದಿಲ್ಲವೇ, ಅಪ್ಪಾ?” ಎಂದು ಮಗಳು ಅದರ ಪಕ್ಕದ ಗಾಳಿಗಿಂಡಿಯನ್ನು ತೋರಿಸಿದಳು. ಬಳಿದ ಬಣ್ಣದಿಂದ ಅದರ ರಂಧ್ರ ಮುಚ್ಚಿತ್ತು. ಗಾಳಿಗೆ ದಾರಿಯಿಲ್ಲ, ಉಗಿಗೆ ಎಡೆಯಿಲ್ಲ. ಬಾಯ್ಲರನ್ನು ನಿಲ್ಲಿಸಿ, ಆರಿದ ಮೇಲೆ ಹೊಸ ಗಿಂಡಿಯನ್ನು ತಿರುಗಿಸಿ ಕೂಡಿಸಿದೆವು. ಮತ್ತೆ ಉಗಿ ಬಂದಾಗ ಸುಯ್ಯೆಂದು ಗಾಳಿ ಹೊರಟಿತು; ಕಬ್ಬಿಣ ಬಿಸಿಯೇರಿತು; ಕೂಸು ನಿದ್ರೆಹೋಯಿತು.

ಮಗಳೂ ಅದೇ ತರಗತಿಯಲ್ಲಿ ಕಲಿತವಳು. ಪಾಠವನ್ನು ನೆನಪಿಟ್ಟವಳು ಅವಳು, ಮರೆತವನು ಮಾಸ್ತರ.